ಕಾರವಾರ-ಅಂಕೋಲೆಗಳ ಸೀಮೆಯಲ್ಲಿ ಫೌಜದಾರಿ ಅಪೀಲು ಮತ್ತು ಅಪ್ರಾಪ್ತವ್ಯವಹಾರರ ರಕ್ಷಣೆ

ಕಾರವಾರ-ಅಂಕೋಲೆಗಳ ಸೀಮೆಯಲ್ಲಿ ಫೌಜದಾರಿ ಖಟ್ಲೆಯೊಳಗೆ ಶಿಕ್ಷೆ ಹೊಂದಿದವನು ಮೇಲಣ ನ್ಯಾಯಸ್ಥಾನಕ್ಕೆ ಮೊರೆಯಿಡಬೇಕಾದರೆ ಕ್ರಿ. ಶ. 1862ಕ್ಕೆ ಮೊದಲು ಮದರಾಸಿನ ಕಡೆಗೂ, 1862ರಿಂದ 1956ರ ವರೆಗೆ ಮುಂಬಯಿಯ ಕಡೆಗೂ, ಅಲ್ಲಿಂದ 2008ರ ವರೆಗೆ ಬೆಂಗಳೂರಿನ ಕಡೆಗೂ ಮುಖಮಾಡಬೇಕಾಗಿದ್ದಿತು. 2008ರಿಂದ ಈಚೆಗೆ ಆ ಮುಖವು ಧಾರವಾಡದ ಕಡೆಗೆ ತಿರುಗಿದೆ. ಒಂದೇ ಕರಾವಳಿಯ ಒಂದೇ ಜನವು ಎರಡು ಶತಮಾನಗಳೊಳಗೆ ನಾಲ್ಕು ದಿಕ್ಕುಗಳಿಗೆ ತಿರುಗಿ ನ್ಯಾಯವನ್ನು ಬೇಡಿದ ಈ ವೃತ್ತಾಂತವು ಕನ್ನಡನಾಡಿನ ಇತರ ಜಿಲ್ಲೆಗಳಲ್ಲಿ ವಿರಳವಾದುದು. ಪ್ರಾಯಸಂದ ಮನುಷ್ಯನು ದೂರವಾದರೂ ಹೇಗಾದರೂ ಹೋಗಿ ತನ್ನ ಮೊರೆಯನ್ನು ಮುಟ್ಟಿಸಿಯಾನು. ತನ್ನ ಮಾತಿಗೆ ತಾನೇ ಅಧಿಕಾರಿಯಲ್ಲದ ಬಾಲಕನ ಅಥವಾ ಬಾಲಿಕೆಯ ಪಕ್ಷದಲ್ಲಿ ಆ ದಾರಿಯನ್ನು ನಡೆಯತಕ್ಕವರು ಯಾರು ಎಂಬ ಪ್ರಶ್ನೆಯೇ ಪ್ರಕೃತ ಲೇಖನದ ವಿಷಯವಾಗಿದೆ.

ಧರ್ಮಶಾಸ್ತ್ರಕಾರರ ಮತ

ಮೇಲ್ಮನವಿಯೆಂಬುದು ಈ ದೇಶಕ್ಕೆ ಆಂಗ್ಲರೊಡನೆ ಬಂದ ಹೊಸ ವಸ್ತುವಲ್ಲ. ಕುಲ, ಶ್ರೇಣಿ, ಗಣ, ರಾಜನಿಂದ ನಿಯುಕ್ತನಾದ ಅಧಿಕೃತ, ಕೊನೆಗೆ ರಾಜ, ಹೀಗೆ ಉತ್ತರೋತ್ತರ ಪ್ರಬಲವಾದ ನ್ಯಾಯಸ್ಥಾನಗಳನ್ನು ನಾರದನು ಹೇಳುತ್ತಾನೆ. ಯಾಜ್ಞವಲ್ಕ್ಯನು ಕೆಟ್ಟದಾಗಿ ನೋಡಲ್ಪಟ್ಟ ವ್ಯವಹಾರವನ್ನು ರಾಜನು ಪುನಃ ನೋಡತಕ್ಕದ್ದೆಂದೂ, ತಪ್ಪು ತೀರ್ಪು ಕೊಟ್ಟ ಸಭ್ಯರಿಗೂ ಅದರಿಂದ ಗೆದ್ದವನಿಗೂ ವಿವಾದದ್ರವ್ಯದ ಇಮ್ಮಡಿಯಷ್ಟು ದಂಡ ವಿಧಿಸತಕ್ಕದ್ದೆಂದೂ ವಿಧಿಸಿದ್ದಾನೆ. ಸೋತವನು ತಾನು ಸೋತಿಲ್ಲವೆಂದು ಹಟಹಿಡಿದು ಮತ್ತೆ ಬಂದು ಮತ್ತೆ ಸೋತರೆ ಅವನಿಗೂ ಇಮ್ಮಡಿ ದಂಡವೇ. ಮೊರೆಯಿಡುವವನೂ ಮೊರೆ ಕೇಳುವವನೂ ಇಬ್ಬರೂ ಎಚ್ಚರದಿಂದಿರಬೇಕೆಂಬುದು ಇದರ ಇಂಗಿತ.

ಬಾಲರ ವಿಷಯದಲ್ಲಿ ಶಾಸ್ತ್ರಕಾರರು ಇನ್ನೂ ಸ್ಪಷ್ಟರಾಗಿದ್ದಾರೆ. ಎಂಟನೆಯ ವರ್ಷದ ವರೆಗೆ ಶಿಶುವು ಗರ್ಭಸ್ಥನಿಗೆ ಸಮಾನನೆಂದೂ, ಹದಿನಾರರ ವರೆಗೆ ಬಾಲನೆಂದೂ, ಅನಂತರವೇ ವ್ಯವಹಾರಜ್ಞನೆಂದೂ ನಾರದನ ನಿಯಮ. ಬಾಲನು ಮಾಡಿದ ವ್ಯವಹಾರವು ನಿಲ್ಲದೆಂದು ಯಾಜ್ಞವಲ್ಕ್ಯನು ಹೇಳುತ್ತಾನೆ. ಬಾಲನ ದಾಯವನ್ನು ಅವನು ಗುರುಕುಲದಿಂದ ಹಿಂದಿರುಗುವ ವರೆಗೆ, ಅಥವಾ ಬಾಲ್ಯವು ಕಳೆಯುವ ವರೆಗೆ, ರಾಜನೇ ಕಾಯಬೇಕೆಂಬುದು ಮನುವಿನ ವಿಧಿ. ಕೌಟಿಲ್ಯನು ಈ ಭಾರವನ್ನು ಗ್ರಾಮವೃದ್ಧರಿಗೆ ಹೊರಿಸಿ, ಅನಾಥ ಬಾಲರ ಪೋಷಣೆಯನ್ನು ರಾಜನ ಕರ್ತವ್ಯಗಳಲ್ಲಿ ಎಣಿಸಿದ್ದಾನೆ. ಸ್ತ್ರೀಯು ಹನ್ನೆರಡನೆಯ, ಪುರುಷನು ಹದಿನಾರನೆಯ ವರ್ಷಕ್ಕೆ ಪ್ರಾಪ್ತವ್ಯವಹಾರರಾಗುವರೆಂದು ಅವನ ಗಣನೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಹದಿನಾರಕ್ಕೆ ಕೆಳಗಿನವರಿಗೆ ಪ್ರಾಯಶ್ಚಿತ್ತವು ಅರ್ಧವೆಂಬ ಸ್ಮೃತಿಮತವನ್ನು ಎತ್ತಿಹಿಡಿದಿದ್ದಾನೆ. ಮುಂದೆ ಮುಂಬಯಿ ಇಲಾಖೆಯ ನ್ಯಾಯಾಲಯಗಳು ಉತ್ತರ ಕನ್ನಡಕ್ಕೆ ಪ್ರಮಾಣಗ್ರಂಥವಾಗಿ ಹಿಡಿದುದು ಈ ಮಿತಾಕ್ಷರೆಯನ್ನೇ. ವಯಸ್ಸಿನ ನಿರ್ಣಯ, ಪಾಲಕನ ನಿರ್ಣಯ, ಪುನರ್ನ್ಯಾಯ ಎಂಬ ಈ ಮೂರು ಸೂತ್ರಗಳನ್ನು ಕೈಯಲ್ಲಿ ಹಿಡಿದರೆ ಮುಂದಿನ ವೃತ್ತಾಂತವೆಲ್ಲವೂ ಸುಗಮವಾಗುವುದು.

ಮದರಾಸಿನ ಆಳಿಕೆ

1799ರಲ್ಲಿ ಟೀಪು ಸುಲ್ತಾನನ ಪತನಾನಂತರ ಕನ್ನಡ ಜಿಲ್ಲೆಯು ಕಂಪೆನಿಯ ಕೈಸೇರಿ, ಥಾಮಸ್ ಮನ್ರೋ ಮೊದಲ ಕಲೆಕ್ಟರನಾಗಿ ಬಂದನು. ಆಗಿನ ಕನ್ನಡ ಜಿಲ್ಲೆಯು ಕಾರವಾರದಿಂದ ಮಂಗಳೂರಿನಾಚೆಯ ವರೆಗೂ ಹಬ್ಬಿದ ಒಂದೇ ಜಿಲ್ಲೆಯಾಗಿದ್ದು, ಮದರಾಸು ಆಧಿಪತ್ಯಕ್ಕೆ ಒಳಪಟ್ಟಿತ್ತು. ಘೋರಾಪರಾಧಗಳ ವಿಚಾರಣೆಯು ಪಶ್ಚಿಮ ಪ್ರಾಂತಕ್ಕಾಗಿ ತಲಶ್ಶೇರಿಯಲ್ಲಿ ಸ್ಥಾಪಿತವಾದ ಸಂಚಾರ ನ್ಯಾಯಸ್ಥಾನದ ಅಧೀನದಲ್ಲಿದ್ದಿತು. ಅದರ ಮೇಲೆ ಮದರಾಸಿನ ಸದರ್ ಫೌಜದಾರಿ ಅದಾಲತ್ತು. ಮರಣದಂಡನೆಯಂಥ ಶಿಕ್ಷೆಯು ಅಲ್ಲಿಂದ ಸ್ಥಿರಪಟ್ಟಲ್ಲದೆ ಜಾರಿಗೆ ಬರುತ್ತಿರಲಿಲ್ಲ. ದಂಡವಿಧಿಯು ಇಸ್ಲಾಮೀ ನ್ಯಾಯಶಾಸ್ತ್ರಾನುಸಾರಿಯಾಗಿದ್ದು, ಮೌಲವಿಗಳು ಫತ್ವಾ ಕೊಡುತ್ತಿದ್ದರು. ಕಂಪೆನಿಯ ಕಾನೂನುಗಳು ಅದನ್ನು ಅಲ್ಲಲ್ಲಿ ತಿದ್ದಿದ್ದವು. 1816ರ ಸುಧಾರಣೆಗಳಿಂದ ಮ್ಯಾಜಿಸ್ಟ್ರೇಟನ ಅಧಿಕಾರವು ಕಲೆಕ್ಟರನಿಗೆ ಬಂದಿತು. 1843ರಲ್ಲಿ ಪ್ರಾಂತ ನ್ಯಾಯಸ್ಥಾನಗಳು ರದ್ದಾಗಿ ಜಿಲ್ಲೆಯ ಸೆಶನ್ಸ್ ನ್ಯಾಯಾಧೀಶರ ಪದ್ಧತಿಯು ನೆಲೆಗೊಂಡಿತು.

ಅಂಕೋಲೆಯ ಒಕ್ಕಲಿಗನಿಗೆ ತಲಶ್ಶೇರಿಯೂ ಪರದೇಶ, ಮದರಾಸು ಅದಕ್ಕಿಂತ ಪರದೇಶ. ನಡುವೆ ನದೀಮುಖಗಳು, ಘಟ್ಟ, ಮಳೆಗಾಲ. ಫತ್ವಾ ಪಾರಸಿ ಅರಬ್ಬಿಗಳಲ್ಲಿ, ದಫ್ತರವು ಇಂಗ್ಲಿಷಿನಲ್ಲಿ, ಆರೋಪಿಯ ಮಾತು ಕನ್ನಡ ಅಥವಾ ಕೊಂಕಣಿಯಲ್ಲಿ. ಇಂಥ ಸ್ಥಿತಿಯಲ್ಲಿ ಅಪೀಲೆಂಬುದು ಕಾಗದಪತ್ರಗಳ ಪ್ರಯಾಣವೇ ಹೊರತು ಮನುಷ್ಯನ ಪ್ರಯಾಣವಾಗಿರಲಿಲ್ಲ.

1862ನೆಯ ಇಸವಿ

ಈ ಸೀಮೆಯ ನ್ಯಾಯಚರಿತ್ರೆಯಲ್ಲಿ 1862ರಷ್ಟು ಮಹತ್ವದ ವರ್ಷವು ಇನ್ನೊಂದಿಲ್ಲ. ಆ ವರ್ಷದ ಜನವರಿ 1ರಂದು ಭಾರತೀಯ ದಂಡಸಂಹಿತೆಯು ಜಾರಿಗೆ ಬಂದು ಫತ್ವಾಗಳ ಕಾಲವು ಮುಗಿಯಿತು. 1861ರ ಫೌಜದಾರಿ ವ್ಯವಹಾರಸಂಹಿತೆಯೂ ಆಗಲೇ ಆಚರಣೆಗೆ ಬಂದಿತು. ಅದೇ ವರ್ಷದಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಬೇರ್ಪಟ್ಟು ಮುಂಬಯಿ ಇಲಾಖೆಗೆ ಸೇರಿ, ಕಾರವಾರವು ಅದರ ಮುಖ್ಯಸ್ಥಳವಾಯಿತು. ಕುಂದಾಪುರ ಮತ್ತು ಅದರ ದಕ್ಷಿಣದ ಭಾಗವು ಮದರಾಸಿನಲ್ಲಿಯೇ ಉಳಿಯಿತು. ಆಗಸ್ಟ್ 14ರಂದು ಮುಂಬಯಿಯ ಹೈಕೋರ್ಟು ಪ್ರಾರಂಭವಾಯಿತು. ಹೀಗೆ ಸಂಹಿತೆ, ಸರಕಾರ, ನ್ಯಾಯಸ್ಥಾನ ಮೂರೂ ಒಂದೇ ವರ್ಷದೊಳಗೆ ಹೊಸವಾದವು.

ಹೊಸ ದಂಡಸಂಹಿತೆಯ 82ನೆಯ ಕಲಮು ಏಳು ವರ್ಷಕ್ಕೆ ಕೆಳಗಿನ ಶಿಶುವಿನ ಕೃತ್ಯವನ್ನು ಅಪರಾಧವೇ ಅಲ್ಲವೆಂದಿತು. 83ನೆಯದು ಏಳರಿಂದ ಹನ್ನೆರಡರ ನಡುವಿನವರಿಗೆ ತಮ್ಮ ಕೃತ್ಯದ ಸ್ವರೂಪವನ್ನೂ ಫಲವನ್ನೂ ತಿಳಿಯುವಷ್ಟು ಬುದ್ಧಿಪಾಕವಿಲ್ಲದಿದ್ದರೆ ಅದೇ ವಿನಾಯಿತಿಯನ್ನು ಕೊಟ್ಟಿತು. ಆಂಗ್ಲ ದೇಶದ ನ್ಯಾಯಸಂಪ್ರದಾಯದಿಂದ ಬಂದ ಈ ಏಳು ವರ್ಷದ ಗಡಿಯು ನಾರದನ ಎಂಟು ವರ್ಷದ ಗಡಿಗೆ ಎಷ್ಟು ಸಮೀಪವೆಂಬುದು ಗಮನಾರ್ಹ. ಆದರೆ ಹನ್ನೆರಡರ ಮೇಲಿನ ಬಾಲನಿಗೆ ಸಂಹಿತೆಯು ಪ್ರತ್ಯೇಕ ಸ್ಥಾನವನ್ನು ಕೊಡಲಿಲ್ಲ. ನಾರದನು ಹದಿನಾರರ ವರೆಗೆ ಚಾಚಿದ್ದ ಬಾಲ್ಯವು ಹನ್ನೆರಡಕ್ಕೇ ತುಂಡಾಯಿತು. 1864ರ ಚಾಟಿಶಿಕ್ಷೆಯ ಕಾಯಿದೆಯು ಬಾಲಾಪರಾಧಿಗಳಿಗೆ ಸೆರೆವಾಸದ ಬದಲು ಏಟುಗಳನ್ನು ವಿಧಿಸಲು ಅವಕಾಶವಿತ್ತಿತು. ಅದೇ 1864ರಲ್ಲಿ ಮುಂಬಯಿ ಇಲಾಖೆಯ ಅಪ್ರಾಪ್ತವ್ಯವಹಾರರ ದೇಹ ಮತ್ತು ಆಸ್ತಿಗಳ ಪಾಲನೆಗಾಗಿ 20ನೆಯ ಕಾಯಿದೆಯು ಹುಟ್ಟಿತು. 1890ರ ಪಾಲಕ-ಪಾಲ್ಯರ ಕಾಯಿದೆಯು ಅದರ ಸ್ಥಾನವನ್ನು ಪಡೆದು, ಪಾಲಕರನ್ನು ನೇಮಿಸುವ ಅಧಿಕಾರವನ್ನು ಜಿಲ್ಲಾ ನ್ಯಾಯಾಲಯಕ್ಕೆ ಕೊಟ್ಟು, ಅದರ ಆಜ್ಞೆಯ ಮೇಲೆ ಹೈಕೋರ್ಟಿಗೆ ಅಪೀಲನ್ನು ಕಲ್ಪಿಸಿತು. ಆಸ್ತಿಯುಳ್ಳ ಮಗುವಿಗೆ ಹೀಗೆ ಪಾಲಕನೂ ಅಪೀಲೂ ದೊರೆತವು. ಆಸ್ತಿಯಿಲ್ಲದ ಮಗುವು ನ್ಯಾಯಾಲಯದ ಕಣ್ಣಿಗೆ ಬೀಳುತ್ತಿದ್ದುದು ಬಹುಮಟ್ಟಿಗೆ ಅಪರಾಧಿಯಾಗಿಯೋ ಅಪರಾಧಕ್ಕೆ ಗುರಿಯಾಗಿಯೋ ಬಂದಾಗ ಮಾತ್ರ.

ಅಪೀಲಿನ ಸೋಪಾನ

1898ರ ವ್ಯವಹಾರಸಂಹಿತೆಯಂತೆ ಎರಡನೆಯ, ಮೂರನೆಯ ದರ್ಜೆಯ ಮ್ಯಾಜಿಸ್ಟ್ರೇಟರ ಶಿಕ್ಷೆಯ ಮೇಲೆ ಅಪೀಲು ಜಿಲ್ಲಾ ಮ್ಯಾಜಿಸ್ಟ್ರೇಟನಿಗೆ, ಮೊದಲ ದರ್ಜೆಯವರ ಶಿಕ್ಷೆಯ ಮೇಲೆ ಸೆಶನ್ಸ್ ಕೋರ್ಟಿಗೆ, ಸೆಶನ್ಸ್ ನ್ಯಾಯಾಧೀಶನ ಶಿಕ್ಷೆಯ ಮೇಲೆ ಹೈಕೋರ್ಟಿಗೆ. 1908ರ ಅವಧಿ ಕಾಯಿದೆಯು ಹೈಕೋರ್ಟಿಗೆ 60 ದಿವಸಗಳನ್ನೂ ಇತರ ನ್ಯಾಯಾಲಯಗಳಿಗೆ 30 ದಿವಸಗಳನ್ನೂ ಕೊಟ್ಟಿತು. ಆದರೆ ಸೆಶನ್ಸ್ ನ್ಯಾಯಾಧೀಶನಿಂದ ಮರಣದಂಡನೆ ಹೊಂದಿದವನಿಗೆ ದೊರೆತುದು ಏಳೇ ದಿವಸ. ಹೈಕೋರ್ಟಿನ ಸ್ಥಿರೀಕರಣವಿಲ್ಲದೆ ಅವನನ್ನು ಗಲ್ಲಿಗೇರಿಸುವಂತಿಲ್ಲವೆಂಬ ನಿಯಮವೇ ಅವನಿಗಿದ್ದ ನಿಜವಾದ ಆಸರೆ. ಸೆರೆಯಲ್ಲಿದ್ದವನು ತನ್ನ ಅಪೀಲನ್ನು ತುರಂಗದ ಅಧಿಕಾರಿಯ ಕೈಯಲ್ಲಿ ಕೊಟ್ಟರೆ ಸಾಕು, ಆತನು ಅದನ್ನು ಮುಂದೆ ಕಳುಹಿಸತಕ್ಕದ್ದೆಂಬ ವಿಧಿಯು ವಕೀಲನಿಲ್ಲದ ಬಡವನಿಗೆ ದೊಡ್ಡ ಉಪಕಾರವಾಯಿತು.

ಈ ಸೋಪಾನದಲ್ಲಿ ಒಂದು ಬಿರುಕು ಇದ್ದಿತು. ಜಿಲ್ಲಾ ಮ್ಯಾಜಿಸ್ಟ್ರೇಟನೇ ಕಂದಾಯ ವಸೂಲಿಯ ಕಲೆಕ್ಟರನು. 1930ನೆಯ ಎಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಕಾಯಿದೆಯು ಭಂಗವಾಯಿತು. ಅನಂತರ ಕರನಿರಾಕರಣೆಯ ಚಳವಳಿಯು ಅಂಕೋಲೆ ಮತ್ತು ಸಿದ್ದಾಪುರ ತಾಲೂಕುಗಳಲ್ಲಿ ಉಗ್ರವಾಗಿ ನಡೆಯಿತು. ಕರವನ್ನು ಬೇಡುವ ಇಲಾಖೆಯ ಯಜಮಾನನೇ ಕೆಳದರ್ಜೆಯ ಶಿಕ್ಷೆಗಳ ಮೇಲಣ ಅಪೀಲನ್ನು ಕೇಳುವವನಾಗಿದ್ದುದರ ಅಸಾಂಗತ್ಯವು ಇಂಥ ಕಾಲದಲ್ಲಿ ಎಲ್ಲರಿಗೂ ಕಣ್ಣಿಗೆ ಕಟ್ಟುವಂತಾಯಿತು. ಸತ್ಯಾಗ್ರಹಿಗಳೋ ಸಾಮಾನ್ಯವಾಗಿ ಪ್ರತಿವಾದವನ್ನೇ ಮಾಡದೆ ಶಿಕ್ಷೆಯನ್ನು ಸ್ವೀಕರಿಸುವವರು. ಅಪೀಲಿನ ಮಾತೇ ಇಲ್ಲ. ಮುಂಬಯಿ ರಾಜ್ಯವು ನ್ಯಾಯಾಧಿಕಾರವನ್ನೂ ಕಾರ್ಯಾಧಿಕಾರವನ್ನೂ ಬೇರ್ಪಡಿಸುವ ಕಾಯಿದೆಯನ್ನು ಮಾಡಿದುದು 1951ರಲ್ಲಿ.

ಒಂದು ಆಚಾರ, ಎರಡು ಹೈಕೋರ್ಟು

1862ರ ವಿಭಜನೆಯ ಫಲವು ಅಪ್ರಾಪ್ತವ್ಯವಹಾರ ಬಾಲಿಕೆಯರ ವಿಷಯದಲ್ಲಿ ಎಷ್ಟು ಆಳವಾಗಿ ತಾಗಿತೆಂಬುದಕ್ಕೆ ದೇವಾಲಯಸೇವೆಯ ಸ್ತ್ರೀಯರ ಪ್ರಕರಣಗಳು ಉತ್ತಮ ನಿದರ್ಶನ. ಕರಾವಳಿಯಲ್ಲಿ ನಾಯಕಿನ, ಭಾವಿನ, ಕಲಾವಂತ ಮುಂತಾದ ಹೆಸರುಗಳಿಂದ ಪ್ರಸಿದ್ಧರಾದ ಇವರಲ್ಲಿ ಹೆಣ್ಣುಮಕ್ಕಳನ್ನು ದತ್ತು ಪಡೆದು ವೃತ್ತಿಯನ್ನೂ ಆಸ್ತಿಯನ್ನೂ ಮುಂದುವರಿಸುವ ಆಚಾರವಿದ್ದಿತು. ದಂಡಸಂಹಿತೆಯ 372 ಮತ್ತು 373ನೆಯ ಕಲಮುಗಳು ಹದಿನಾರು ವರ್ಷಕ್ಕೆ ಕೆಳಗಿನವರನ್ನು ವೇಶ್ಯಾವೃತ್ತಿಗಾಗಿ ಕೊಡುವುದನ್ನೂ ಕೊಳ್ಳುವುದನ್ನೂ ಅಪರಾಧವೆಂದವು. ಬಾಲಿಕೆಯನ್ನು ದೇವರ ಸೇವೆಗೆ ಒಪ್ಪಿಸುವ ಕರ್ಮವು ಈ ಕಲಮಿನೊಳಗೆ ಬರುವುದೆಂದು ಮುಂಬಯಿ ಹೈಕೋರ್ಟು 1869ರ ಜೈಲಿ ಭಾವಿನ ಪ್ರಕರಣದಲ್ಲಿ ಹಿಡಿಯಿತು. 1880ರಲ್ಲಿ ಮಥುರಾ ನಾಯಕಿನ ವಿರುದ್ಧ ಏಸು ನಾಯಕಿನ ಎಂಬ ಪ್ರಸಿದ್ಧ ದಿವಾಣಿ ವ್ಯಾಜ್ಯದಲ್ಲಿ ನ್ಯಾಯಮೂರ್ತಿ ವೆಸ್ಟರು ನಾಯಕಿನಿಯ ದತ್ತಕವನ್ನು ನ್ಯಾಯಾಲಯವು ಮಾನ್ಯಮಾಡಲಾರದೆಂದು ವಿಸ್ತಾರವಾಗಿ ಪ್ರತಿಪಾದಿಸಿದರು. ಮದರಾಸು ಹೈಕೋರ್ಟು ಇದಕ್ಕೆ ಭಿನ್ನವಾಗಿ, ದತ್ತಕವು ಬಾಲಿಕೆಯನ್ನು ವೇಶ್ಯಾವೃತ್ತಿಗೆ ಇಳಿಸುವ ಉದ್ದೇಶದಿಂದ ಕೂಡಿಲ್ಲದಿದ್ದರೆ ಅದನ್ನು ಮಾನ್ಯಮಾಡುವ ದಾರಿಯನ್ನು 1888ರ ವೆಂಕು ವಿರುದ್ಧ ಮಹಾಲಿಂಗ ಎಂಬ ತೀರ್ಪಿನಲ್ಲಿ ಹಿಡಿಯಿತು.

ಇದರ ಪರಿಣಾಮವನ್ನು ಆಲೋಚಿಸಬೇಕು. ಒಂದು ಕಾಲಕ್ಕೆ ಒಂದೇ ಜಿಲ್ಲೆಯಾಗಿದ್ದ ಕನ್ನಡದಲ್ಲಿ, ಭಟ್ಕಳದ ದಕ್ಷಿಣಕ್ಕೆ ಹಾಯ್ದ ಗಡಿಗೆರೆಯ ಆಚೆಗೆ ಮಗಳೆನ್ನಿಸಿಕೊಂಡು ದಾಯವನ್ನು ಪಡೆಯಬಹುದಾಗಿದ್ದ ಬಾಲಿಕೆಯು ಈಚೆಗೆ ಅಂಕೋಲೆಯಲ್ಲಿಯೋ ಕಾರವಾರದಲ್ಲಿಯೋ ಯಾರ ಮಗಳೂ ಅಲ್ಲದವಳಾದಳು. ಮುಂಬಯಿಯ ಮತದಲ್ಲಿ ನೀತಿಯ ದೃಢತೆಯಿದೆ. ಬಾಲಿಕೆಯರ ವ್ಯಾಪಾರಕ್ಕೆ ದತ್ತಕದ ಮುಸುಕು ಹಾಕಗೊಡಬಾರದೆಂಬ ಅದರ ಆಶಯವು ಶ್ಲಾಘ್ಯ. ಆದರೆ ಮುಸುಕನ್ನು ತೆಗೆದ ನ್ಯಾಯಾಲಯವು ಅದರ ಕೆಳಗಿದ್ದ ಮಗುವಿಗೆ ಮನೆಯನ್ನು ತೋರಿಸಲಿಲ್ಲ. ಕೊಟ್ಟವಳು ಸೆರೆಗೆ ಹೋಗುವಳು, ಕೊಂಡವಳ ಆಸ್ತಿಯಲ್ಲಿ ಹಕ್ಕಿಲ್ಲ, ಬಾಲಿಕೆಯು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ದಂಡಸಂಹಿತೆಯಲ್ಲಿ ಉತ್ತರವಿಲ್ಲ. 1924ರಲ್ಲಿ ಆ ಕಲಮುಗಳ ವಯೋಮಿತಿಯು ಹದಿನೆಂಟಕ್ಕೆ ಏರಿತು. ಅದೇ ವರ್ಷದ ಮುಂಬಯಿ ಮಕ್ಕಳ ಕಾಯಿದೆಯು ನಿರ್ಗತಿಕ ಮಗುವನ್ನು ಅಪರಾಧಿಯಿಂದ ಬೇರೆಯಾಗಿ ಕಂಡು, ಅದಕ್ಕೆ ಆಶ್ರಯಸ್ಥಾನವನ್ನು ಕಲ್ಪಿಸುವ ಯತ್ನವನ್ನು ಮಾಡಿತು. 1934ರಲ್ಲಿ ಮುಂಬಯಿಯ, 1982ರಲ್ಲಿ ಕರ್ನಾಟಕದ ದೇವದಾಸೀ ನಿಷೇಧ ಕಾಯಿದೆಗಳು ಬಂದವು. ಮನುವೂ ಕೌಟಿಲ್ಯನೂ ರಾಜನ ಮೇಲೆ ಹೊರಿಸಿದ್ದ ಭಾರವು ಹೀಗೆ ಬಹುಕಾಲದ ಮೇಲೆ ರಾಜ್ಯದ ಹೆಗಲಿಗೆ ಮರಳಿತು.

ಕಾರವಾರದ ನ್ಯಾಯಾಧೀಶರ ಮನೆಯಲ್ಲಿ ಹುಟ್ಟಿದ ನಾಟಕ

ಮುಂಬಯಿಯ ಈ ತೀರ್ಪುಗಳನ್ನು ಕಾರವಾರದಲ್ಲಿ ಆಚರಣೆಗೆ ತರಬೇಕಾಗಿದ್ದ ಜಿಲ್ಲಾ ನ್ಯಾಯಾಧೀಶರ ಪೈಕಿ ಒಬ್ಬರು ಸತ್ಯೇಂದ್ರನಾಥ ಠಾಕೂರರು. ಸಿವಿಲ್ ಸರ್ವಿಸಿಗೆ ಪ್ರವೇಶ ಪಡೆದ ಮೊದಲ ಭಾರತೀಯರು. 1883ರ ಸುಮಾರಿನಲ್ಲಿ ಅವರ ತಮ್ಮ ರವೀಂದ್ರನಾಥರು ಅಲ್ಲಿ ಕೆಲಕಾಲ ತಂಗಿದ್ದು, ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಬರೆದರು. ಅದು 1884ರಲ್ಲಿ ಪ್ರಕಟವಾಯಿತು. ಅದರಲ್ಲಿ ಸಂನ್ಯಾಸಿಯೊಬ್ಬನು ಊರವರು ಮುಟ್ಟದೆ ದೂರವಿಟ್ಟ ಅನಾಥ ಬಾಲಿಕೆಯನ್ನು ಕಂಡು, ಮಮತೆಗೆ ಅಂಜಿ ಅವಳನ್ನು ತೊರೆದುಹೋಗುತ್ತಾನೆ. ಮನಸ್ಸು ಕರಗಿ ಮರಳಿ ಬರುವಷ್ಟರಲ್ಲಿ ಅವಳು ಸತ್ತಿರುತ್ತಾಳೆ. ನಾಟಕದ ತಾತ್ಪರ್ಯವು ವೈರಾಗ್ಯದ ಪರೀಕ್ಷೆಯಾಗಿದ್ದರೂ, ಯಾರ ಪಾಲನೆಗೂ ಸಿಕ್ಕದ ಬಾಲಿಕೆಯ ಪಾತ್ರವು ಈ ಕಡಲತಡಿಯ ಊರಿನಲ್ಲಿ ರೂಪುಗೊಂಡಿತೆಂಬುದನ್ನು ಸಾಹಿತ್ಯದ ಅಭ್ಯಾಸಿಗಳು ನೆನೆಯತಕ್ಕದ್ದಾಗಿದೆ.

ವಯೋನಿರ್ಣಯದ ಬಾಗಿಲು

ಬಾಲಾಪರಾಧಿಯ ಖಟ್ಲೆಯಲ್ಲಿ ಎಲ್ಲಕ್ಕೂ ಮೂಲವಾದ ಪ್ರಶ್ನೆಯು ವಯಸ್ಸು. ಜನನದ ದಾಖಲೆಯೂ ಜಾತಕವೂ ಇಲ್ಲದ ಮನೆಗಳ ಮಕ್ಕಳ ವಯಸ್ಸನ್ನು ಮ್ಯಾಜಿಸ್ಟ್ರೇಟನು ಕಣ್ಣಳತೆಯಿಂದಲೋ ವೈದ್ಯನ ಅಂದಾಜಿನಿಂದಲೋ ನಿರ್ಣಯಿಸುವುದಾಗಿತ್ತು. 1876ರಲ್ಲಿಯೂ ಮತ್ತೆ 1897ರಲ್ಲಿಯೂ ಸುಧಾರಣಾ ಶಾಲೆಗಳ ಕಾಯಿದೆಗಳು ಬಂದವು. 1897ರ ಕಾಯಿದೆಯಂತೆ ಹದಿನೈದು ವರ್ಷಕ್ಕೆ ಕೆಳಗಿನ ಹುಡುಗನನ್ನು ಸೆರೆಮನೆಯ ಬದಲು ಸುಧಾರಣಾ ಶಾಲೆಗೆ ಕಳುಹಿಸಬಹುದಾಗಿತ್ತು. ಮುಂಬಯಿ ಇಲಾಖೆಯಲ್ಲಿ ಇಂಥ ಶಾಲೆಯು ಪುಣೆಯ ಬಳಿಯ ಯರವಡೆಯಲ್ಲಿದ್ದಿತು. ಆದರೆ ಅದೇ ಕಾಯಿದೆಯ 16ನೆಯ ಕಲಮು, ಹುಡುಗನ ವಯಸ್ಸಿನ ಕುರಿತಾದ ಆಜ್ಞೆಯನ್ನಾಗಲಿ ಸೆರೆಯ ಬದಲು ಶಾಲೆಗೆ ಕಳುಹಿಸುವ ಆಜ್ಞೆಯನ್ನಾಗಲಿ ಅಪೀಲಿನಲ್ಲಿಯೂ ಪುನರೀಕ್ಷಣೆಯಲ್ಲಿಯೂ ಬದಲಿಸಲಾಗದೆಂದು ವಿಧಿಸಿತು. ಶಿಕ್ಷೆಯ ಮೇಲೆ ಅಪೀಲಿರಬಹುದು, ಆದರೆ ಆ ಶಿಕ್ಷೆಯ ಸ್ವರೂಪವನ್ನೇ ನಿರ್ಣಯಿಸುವ ವಯಸ್ಸಿನ ಮೇಲೆ ಅಪೀಲಿಲ್ಲ. ಯಾಜ್ಞವಲ್ಕ್ಯನ ಪುನರ್ನ್ಯಾಯವಿಧಿಗೆ ಇಂಥ ಅಪವಾದವು ಅಪರಿಚಿತ.

ಈ ಬಾಗಿಲು ತೆರೆಯಲು ಸುಮಾರು ಒಂದು ಶತಮಾನವೇ ಬೇಕಾಯಿತು. 1956ನೆಯ ನವೆಂಬರ್ 1ರಂದು ಉತ್ತರ ಕನ್ನಡವು ಏಕೀಕೃತ ರಾಜ್ಯಕ್ಕೆ ಸೇರಿ ಅಪೀಲಿನ ಸ್ಥಾನವು ಬೆಂಗಳೂರಾಯಿತು. 1964ರ ಮಕ್ಕಳ ಕಾಯಿದೆಯು ಹದಿನಾರರ ಕೆಳಗಿನ ಹುಡುಗನನ್ನೂ ಹದಿನೆಂಟರ ಕೆಳಗಿನ ಹುಡುಗಿಯನ್ನೂ ಮಕ್ಕಳೆಂದೆಣಿಸಿತು. ನಾರದನ ಹದಿನಾರು ಹೀಗೆ ಹುಡುಗನಿಗೆ ಮರಳಿ ದೊರೆಯಿತು. 1983ರಲ್ಲಿ ಗೋಪೀನಾಥ ಘೋಷರ ಪ್ರಕರಣದಲ್ಲಿ, ಕೆಳಗಿನ ಯಾವ ನ್ಯಾಯಾಲಯದಲ್ಲಿಯೂ ಎತ್ತದ ಬಾಲ್ಯದ ವಾದವನ್ನು ಸರ್ವೋಚ್ಚ ನ್ಯಾಯಾಲಯವು ತನ್ನೆದುರಿಗೇ ಮೊದಲ ಬಾರಿಗೆ ಬಂದಾಗ್ಯೂ ಸ್ವೀಕರಿಸಿ, ಶಿಕ್ಷೆಯನ್ನು ತೊಡೆದುಹಾಕಿತು. 1986ರ ಬಾಲನ್ಯಾಯ ಕಾಯಿದೆಯು ದೇಶಕ್ಕೆಲ್ಲ ಏಕರೂಪವಾದ ನಿಯಮವನ್ನು ತಂದಿತು. 2000ದ ಕಾಯಿದೆಯು ಹುಡುಗ ಹುಡುಗಿಯರಿಬ್ಬರಿಗೂ ಹದಿನೆಂಟನ್ನೇ ಗಡಿಯಾಗಿಸಿತು. ವಯಸ್ಸನ್ನು ಎಣಿಸಬೇಕಾದುದು ಕೃತ್ಯದ ದಿವಸದಿಂದಲೇ ಹೊರತು ನ್ಯಾಯಾಲಯಕ್ಕೆ ತಂದ ದಿವಸದಿಂದಲ್ಲವೆಂದು 2005ರಲ್ಲಿ ಪ್ರತಾಪ ಸಿಂಗರ ಪ್ರಕರಣದಲ್ಲಿ ಸಂವಿಧಾನಪೀಠವು ನಿರ್ಣಯಿಸಿತು. 2006ರ ತಿದ್ದುಪಡಿಯಿಂದ ಬಾಲ್ಯದ ವಾದವನ್ನು ಯಾವ ನ್ಯಾಯಾಲಯದಲ್ಲಿಯೂ ಯಾವ ಹಂತದಲ್ಲಿಯೂ, ಅಂತಿಮ ತೀರ್ಪಿನ ತರುವಾಯವೂ, ಎತ್ತಬಹುದೆಂದಾಯಿತು. 1897ರಲ್ಲಿ ಮುಚ್ಚಿದ್ದ ಬಾಗಿಲು ಪೂರ್ಣವಾಗಿ ತೆರೆದುದು ಆಗ.

ಧಾರವಾಡದ ಪೀಠ

ಬೆಂಗಳೂರು ಕಾರವಾರಕ್ಕೆ ಐನೂರು ಕಿಲೋಮೀಟರುಗಳಿಗೂ ಮಿಕ್ಕ ದೂರ. 2008ರ ಜುಲೈ ತಿಂಗಳಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಪೀಠವು ಪ್ರಾರಂಭವಾಗಿ 2013ರಲ್ಲಿ ಖಾಯಂ ಪೀಠವಾಯಿತು. ಉತ್ತರ ಕನ್ನಡವು ಅದರ ವ್ಯಾಪ್ತಿಗೆ ಸೇರಿದೆ. ಅಂಕೋಲೆಯಿಂದ ಅರಬೈಲು ಘಟ್ಟವನ್ನೇರಿ ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋಗುವ ಹಳೆಯ ವ್ಯಾಪಾರದ ಹೆದ್ದಾರಿಯೇ ಅಪೀಲಿನ ದಾರಿಯೂ ಆಯಿತು. ಬೆಳಿಗ್ಗೆ ಹೊರಟ ತಾಯಿಯೊಬ್ಬಳು ಮಗನ ವಕೀಲನನ್ನು ಕಂಡು ರಾತ್ರಿಗೆ ಮನೆಗೆ ಮರಳಬಹುದಾದ ಕಾಲವು ಈ ಸೀಮೆಗೆ ಮೊದಲ ಬಾರಿಗೆ ಬಂದಿತು.

2016ನೆಯ ಜನವರಿ 15ರಿಂದ ಜಾರಿಗೆ ಬಂದ 2015ರ ಕಾಯಿದೆಯಂತೆ ಕಾನೂನಿನೊಡನೆ ಸಂಘರ್ಷಕ್ಕೆ ಬಂದ ಮಗುವಿನ ವಿಚಾರಣೆಯು ಬಾಲನ್ಯಾಯ ಮಂಡಳಿಗೆ, ರಕ್ಷಣೆ ಬೇಕಾದ ಮಗುವಿನ ವಿಚಾರವು ಮಕ್ಕಳ ಕಲ್ಯಾಣ ಸಮಿತಿಗೆ ಸೇರಿದೆ. ಎರಡರ ಆಜ್ಞೆಗಳ ಮೇಲೆಯೂ 30 ದಿವಸಗಳೊಳಗೆ ಜಿಲ್ಲೆಯ ಮಕ್ಕಳ ನ್ಯಾಯಾಲಯಕ್ಕೆ ಅಪೀಲು ಸಲ್ಲಬೇಕು. ಸಾಕುಪಾಲನೆ, ಪ್ರಾಯೋಜಕತ್ವ ಮೊದಲಾದವುಗಳ ಅಪೀಲು ಮಾತ್ರ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ. ದತ್ತಕದ ಆಜ್ಞೆಯನ್ನು 2021ರ ತಿದ್ದುಪಡಿಯು ನ್ಯಾಯಾಲಯದಿಂದ ತೆಗೆದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಒಪ್ಪಿಸಿ, ಅದರ ಅಪೀಲನ್ನು ವಿಭಾಗಾಧಿಕಾರಿಗೆ, ಎಂದರೆ ಈ ಜಿಲ್ಲೆಯ ಮಟ್ಟಿಗೆ ಬೆಳಗಾವಿಗೆ, ಕೊಟ್ಟಿದೆ. ಘೋರಾಪರಾಧದ ಆರೋಪಕ್ಕೆ ಗುರಿಯಾದ ಹದಿನಾರು ದಾಟಿದವರನ್ನು ಪ್ರಾಪ್ತವಯಸ್ಕರಂತೆ ವಿಚಾರಿಸಬೇಕೆ ಎಂಬ ಪ್ರಾಥಮಿಕ ಪರೀಕ್ಷೆಗೆ ಕಾಯಿದೆಯಲ್ಲಿ ಹೇಳಿದ ಮೂರು ತಿಂಗಳ ಅವಧಿಯು ಕಡ್ಡಾಯವಲ್ಲವೆಂದೂ, ಆ ಆಜ್ಞೆಯ ಮೇಲಣ ಅಪೀಲಿಗೆ 30 ದಿವಸಗಳ ಅವಧಿಯೆಂದೂ 2024ರಲ್ಲಿ ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ಆ ತೀರ್ಪಿನ ಶಿರೋಲೇಖದಲ್ಲಿ ಅಪೀಲುದಾರನ ಹೆಸರಿಲ್ಲ. ತಾಯಿಯ ಮೂಲಕ ಬಂದ ಮಗು ಎಂದಷ್ಟೇ ಇದೆ. ನಾಯಕಿನಿಯರ ಹೆಸರುಗಳನ್ನು ತೀರ್ಪಿನ ತಲೆಯಲ್ಲಿ ಅಚ್ಚುಹಾಕಿದ ಕಾಲಕ್ಕೂ ಇದಕ್ಕೂ ಎಷ್ಟು ಅಂತರ!

ಉಪಸಂಹಾರ

ಮೇಲೆ ಹೇಳಿದ ಮೂರು ಸೂತ್ರಗಳ ಪೈಕಿ ವಯೋನಿರ್ಣಯದ ಸೂತ್ರವು ಈಗ ಅಪೀಲಿಗೆ ಪೂರ್ಣವಾಗಿ ತೆರೆದಿದೆ. ಪುನರ್ನ್ಯಾಯದ ಪೀಠವು ಸಮೀಪಕ್ಕೆ ಬಂದಿದೆ. ಉಳಿದುದು ಪಾಲನೆಯ ಸೂತ್ರ. ಅಲ್ಲಿ 2015ರ ಕಾಯಿದೆಯ 101ನೆಯ ಕಲಮು ಒಂದು ಅಪವಾದವನ್ನಿಟ್ಟಿದೆ: ತನ್ನೆದುರಿಗೆ ಬಂದಾತನು ರಕ್ಷಣೆ ಬೇಕಾದ ಮಗುವಲ್ಲವೆಂದು ಮಕ್ಕಳ ಕಲ್ಯಾಣ ಸಮಿತಿಯು ನಿರ್ಣಯಿಸಿದರೆ ಆ ನಿರ್ಣಯದ ಮೇಲೆ ಅಪೀಲಿಲ್ಲ. ಹೈಕೋರ್ಟು ದಫ್ತರವನ್ನು ತರಿಸಿ ಪುನರೀಕ್ಷಿಸಬಹುದೆಂಬುದು ನಿಜ. ಆದರೆ ಯಾರ ಆಸರೆಯೂ ಇಲ್ಲವೆಂದೇ ಸಮಿತಿಯ ಮುಂದೆ ಬಂದ ಮಗುವಿನ ಪರವಾಗಿ ಧಾರವಾಡಕ್ಕೆ ಹೋಗಿ ಅದನ್ನು ಪ್ರಾರ್ಥಿಸುವವರಾದರೂ ಯಾರು? 1880ರ ತೀರ್ಪಿನ ಕೊನೆಯಲ್ಲಿ ಉತ್ತರವಿಲ್ಲದೆ ನಿಂತ ಪ್ರಶ್ನೆಯೇ ಇಲ್ಲಿ ಬೇರೊಂದು ರೂಪದಲ್ಲಿ ನಿಂತಿದೆ. ಬಾಲಧನವನ್ನು ಕಾಯಲು ರಾಜನನ್ನೂ ಗ್ರಾಮವೃದ್ಧರನ್ನೂ ನಿಯಮಿಸಿದ ಶಾಸ್ತ್ರಕಾರರು, ಕೇಳಲಾರದವನ ಪರವಾಗಿ ಕೇಳತಕ್ಕವನನ್ನು ಮೊದಲೇ ಗೊತ್ತುಮಾಡಿ ಇಡಬೇಕೆಂಬುದನ್ನು ಅರಿತಿದ್ದರು. ಆ ಒಂದು ಅಪವಾದವು ತೊಡೆದುಹೋದರೆ ಕಾರವಾರ-ಅಂಕೋಲೆಗಳಿಂದ ಘಟ್ಟವನ್ನೇರುವ ಅಪೀಲಿನ ದಾರಿಯು ಎಲ್ಲ ಮಕ್ಕಳಿಗೂ ಸಮಾನವಾದ ದಾರಿಯಾಗುವುದು.